ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ: ಘಟ್ಟ ಹತ್ತಿ ಬರುವ ಮೀನು, ಅಘನಾಶಿನಿಯ ಬಳಚು ತಿನ್ನಬಹುದೇ?

ಪ್ರಶ್ನೆ: ನಮ್ಮ ಮನೆ ಶಿರಸಿಯಲ್ಲಿ. ಕುಮಟಾ ಕಡೆಯಿಂದ ಘಟ್ಟ ಹತ್ತಿ ಬರುವ ಗಾಡಿಯಲ್ಲಿ ವಾರಕ್ಕೆ ಮೂರು ದಿನ ಮೀನು ಕೊಳ್ಳುತ್ತೇವೆ. ಅಘನಾಶಿನಿ ಹೊಳೆಯ ಬಳಚು (ಚಿಪ್ಪುಮೀನು) ಬಂದರಂತೂ ಬಿಡುವುದಿಲ್ಲ. ಈಚೆಗೆ ವಾಟ್ಸಾಪಿನಲ್ಲಿ 'ಕರಾವಳಿಯ ಮೀನು, ಶೆಟ್ಲಿ (ಸಿಗಡಿ), ಬಳಚಿನಲ್ಲಿ ಯಾವ ಆಂಟಿಬಯೋಟಿಕ್‌ಗೂ ಸಾಯದ ಬ್ಯಾಕ್ಟೀರಿಯಾ ಇವೆ' ಎಂದು ಓದಿದ ಮೇಲೆ ಮನೆಯವರಿಗೆಲ್ಲ ಹೆದರಿಕೆ. ತಾಯಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಅರಿಶಿನ, ಉಪ್ಪು ಹಾಕಿ ತೊಳೆದರೆ ಸಾಕೇ? ಸಾಕಿದ ಶೆಟ್ಲಿಗೆ ಔಷಧ ಹಾಕುತ್ತಾರಂತೆ, ನಿಜವೇ? ಕಳೆದ ತಿಂಗಳು ಭೇದಿಯಾದಾಗ ಔಷಧದಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ಎರಡು ದಿನ ನುಂಗಿ ನಿಲ್ಲಿಸಿದೆವು. ಅದು ತಪ್ಪೇ?

ಉತ್ತರ: ಮೀನು ಬಿಡಬೇಡಿ. ಆದರೆ ಬಳಚನ್ನು ಬೇಯಿಸುವ ಕ್ರಮ ಸ್ವಲ್ಪ ಬದಲಾಗಬೇಕು, ಭೇದಿಗೆ ಮಾತ್ರೆ ನುಂಗುವ ರೂಢಿ ಪೂರ್ತಿ ಬದಲಾಗಬೇಕು.

ನಿಮಗೆ ಬಂದ ಸಂದೇಶದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ಮೀನಿನ ಮಾಂಸದಲ್ಲಿ ಉಳಿದ ಔಷಧದ ಅಂಶ. ಇನ್ನೊಂದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಮೊದಲನೆಯದು ಸಾಕಿದ ಶೆಟ್ಲಿ, ಸಾಕಿದ ಮೀನಿನ ಮಾತು. ಸಮುದ್ರದಲ್ಲಿ ತಾನಾಗಿ ಬೆಳೆದ ಬಂಗಡೆ, ತಾರ್ಲೆಗೆ ಯಾರೂ ಔಷಧ ಕೊಟ್ಟಿರುವುದಿಲ್ಲ. ಎರಡನೆಯದು ಯಾವ ಮೀನಿನ ಮೈಮೇಲೂ ಇರಬಹುದು, ಏಕೆಂದರೆ ಬಹುಪಾಲು ಅದು ಬರುವುದು ನಮ್ಮ ಚರಂಡಿಯಿಂದ, ಐಸಿನಿಂದ, ಕೈಯಿಂದ.

ಆಗತಾನೆ ಹಿಡಿದ ಆರೋಗ್ಯವಂತ ಮೀನಿನ ಮಾಂಸದಲ್ಲಿ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎನ್ನಬಹುದು. ಇರುವುದೆಲ್ಲ ಚರ್ಮದ ಲೋಳೆಯಲ್ಲಿ, ಕಿವಿರಿನಲ್ಲಿ, ಕರುಳಿನಲ್ಲಿ. ಅವುಗಳಲ್ಲಿ ಕೆಲವು ಸಮುದ್ರದ ಮೂಲನಿವಾಸಿಗಳು. ವಿಬ್ರಿಯೊ ಎಂಬ ಗುಂಪು ಬೆಚ್ಚಗಿನ ಉಪ್ಪುನೀರಿನಲ್ಲಿ, ಅದರಲ್ಲೂ ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಸಹಜವಾಗಿಯೇ ಇರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಯಾವ ಅಳಿವೆಯ ನೀರು ತೆಗೆದರೂ ಸಿಕ್ಕೀತು, ಸಿಕ್ಕಿದ ಮಾತ್ರಕ್ಕೆ ಆ ನೀರು ಕೊಳಕು ಎಂದಲ್ಲ. ಈ ಗುಂಪಿನ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ 1950ರಲ್ಲಿ ಜಪಾನಿನ ಒಸಾಕಾದಲ್ಲಿ ಮರಿಮೀನು ತಿಂದ 272 ಜನ ಕಾಯಿಲೆ ಬಿದ್ದಾಗ ಪತ್ತೆಯಾಯಿತು. ಅವರಲ್ಲಿ 20 ಜನ ತೀರಿಕೊಂಡರು. ಆದರೆ ನೀರಿನಲ್ಲಿ ಸಿಗುವ ಈ ವಿಬ್ರಿಯೊಗಳಲ್ಲಿ ಹೆಚ್ಚಿನವಕ್ಕೆ ರೋಗ ತರುವ ಶಕ್ತಿ ಇರುವುದಿಲ್ಲ. ಟಿಡಿಎಚ್ ಅಥವಾ ಟಿಆರ್‌ಎಚ್ ಎಂಬ ಜೀನ್ ಹೊತ್ತವೇ ಮುಖ್ಯವಾಗಿ ಹೊಟ್ಟೆ ಕೆಡಿಸುವುದು.

ಈ. ಕೋಲೈ, ಸಾಲ್ಮೊನೆಲ್ಲಾ, ಸ್ಟೆಫೈಲೊಕಾಕಸ್ ಹಾಗಲ್ಲ. ಇವು ಸಮುದ್ರದವಲ್ಲ. ಮೊದಲೆರಡು ಮನುಷ್ಯರ, ದನಕರುಗಳ, ಕೋಳಿಗಳ ಕರುಳಿನಿಂದ ಬಂದವು, ಮೂರನೆಯದು ಮೀನು ಮುಟ್ಟಿದವರ ಚರ್ಮ, ಮೂಗಿನಿಂದ ಬಂದದ್ದು. ಹಾಗಾಗಿ 'ಮೀನಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತು' ಎಂಬ ಸುದ್ದಿ ಕಂಡಾಗ ಎರಡು ಪ್ರಶ್ನೆ ಕೇಳಿ: ಯಾವ ಬ್ಯಾಕ್ಟೀರಿಯಾ, ಯಾವ ಔಷಧ? ಆಂಪಿಸಿಲಿನ್‌ಗೆ ಬಗ್ಗದ ವಿಬ್ರಿಯೊ ಎಂದಾದರೆ ಅದು ಹಳೆಯ ಸಂಗತಿ, ಅನೇಕ ವಿಬ್ರಿಯೊಗಳು ಮೊದಲಿನಿಂದಲೂ ಹಾಗೆಯೇ. ಕಾರ್ಬಪೆನೆಮ್ ಗುಂಪಿನ ಔಷಧಕ್ಕೆ ಬಗ್ಗದ ಈ. ಕೋಲೈ ಎಂದಾದರೆ ಅದು ನಿಜಕ್ಕೂ ತಲೆಬಿಸಿಯ ವಿಷಯ. ಕಾರ್ಬಪೆನೆಮ್ ಎಂದರೆ ಬೇರೆ ಔಷಧಗಳು ಸೋತಾಗ ಐಸಿಯುನಲ್ಲಿ ಕೊಡುವ ಚುಚ್ಚುಮದ್ದು. ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮೀನಿನ ಮೇಲಿದ್ದರೆ, ಎಲ್ಲೋ ಆಸ್ಪತ್ರೆಯ ಅಥವಾ ಊರಿನ ಕೊಳಚೆ ಶುದ್ಧವಾಗದೆ ನೀರಿಗೆ ಸೇರಿದೆ ಎಂದೇ ಅರ್ಥ ಮಾಡಿಕೊಳ್ಳಬೇಕು.

ಈ ಗುಣ ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆಯನ್ನೂ ತಿಳಿಯಬೇಕು. ಬ್ಯಾಕ್ಟೀರಿಯಾದೊಳಗೆ ಮುಖ್ಯ ಡಿಎನ್ಎ ಅಲ್ಲದೆ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದಂಥ ಡಿಎನ್ಎ ತುಂಡುಗಳೂ ಇರುತ್ತವೆ. ಔಷಧವನ್ನು ಒಡೆಯುವ ಇಲ್ಲವೇ ಹೊರಹಾಕುವ ಜೀನ್‌ಗಳು ಹಲವು ಸಲ ಇದರ ಮೇಲೇ ಕೂತಿರುತ್ತವೆ. ಎರಡು ಬ್ಯಾಕ್ಟೀರಿಯಾಗಳು ಅಂಟಿಕೊಂಡಾಗ ಒಂದು ಇನ್ನೊಂದಕ್ಕೆ ಪ್ಲಾಸ್ಮಿಡ್ಡಿನ ನಕಲು ಕೊಡುತ್ತದೆ. ಎರಡೂ ಒಂದೇ ಜಾತಿಯವಾಗಬೇಕೆಂದಿಲ್ಲ. ಕೊಳಚೆಯ ಜೊತೆ ಬಂದ ಈ. ಕೋಲೈ ಅಳಿವೆಯ ನೀರಿನಲ್ಲಿ ಕೆಲವು ದಿನಕ್ಕೆ ಸತ್ತೀತು, ಸಾಯುವ ಮುನ್ನ ತನ್ನ ಪ್ಲಾಸ್ಮಿಡ್ಡನ್ನು ಅಲ್ಲಿಯ ಖಾಯಂ ವಾಸಿಗೆ ಕೊಟ್ಟುಹೋಗಿರಬಹುದು. ಅದೇ ಕೊಳಚೆಯಲ್ಲಿ ನಮ್ಮ ಮೂತ್ರದ ಮೂಲಕ ಹೊರಬಿದ್ದ ಔಷಧವೂ ಅಲ್ಪಸ್ವಲ್ಪ ಇರುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದಷ್ಟು ಕಡಿಮೆ ಪ್ರಮಾಣವಾದರೂ ಬಗ್ಗದವುಗಳನ್ನು ಆರಿಸಿ ಉಳಿಸಲು ಅಷ್ಟು ಸಾಕು.

ಇನ್ನು ನಿಮಗೆ ಸಮಾಧಾನವಾಗುವ ಮಾತು. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗುತ್ತದೆ. ಔಷಧದಿಂದ ತಪ್ಪಿಸಿಕೊಳ್ಳುವ ಗುಣಕ್ಕೂ ಶಾಖ ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಮೀನಿನ ತುಂಡಿನ ನಡುಭಾಗ 63 ಡಿಗ್ರಿ ದಾಟಿ ಕೆಲವು ಸೆಕೆಂಡು ನಿಂತರೆ ವಿಬ್ರಿಯೊ, ಈ. ಕೋಲೈ, ಸಾಲ್ಮೊನೆಲ್ಲಾ ಸಾಯುತ್ತವೆ. ಕೊತಕೊತ ಕುದಿಯುವ ಸಾರಿನಲ್ಲಿ ಹತ್ತು ನಿಮಿಷ ಇದ್ದ ಬಂಗಡೆಯಲ್ಲಿ ಅವು ಉಳಿಯುವ ಪ್ರಶ್ನೆಯೇ ಇಲ್ಲ. ಹಾಗಾದರೆ ಅಪಾಯ ಯಾವ ದಾರಿಯಲ್ಲಿ ಬರುತ್ತದೆ? ಅರೆಬೆಂದ ಬಳಚು, ಕಲ್ಗ, ನೀಲಿಕಲ್ಲಿನಂಥ ಚಿಪ್ಪುಜೀವಿಗಳಿಂದ. ಹಸಿ ಮೀನು ಮುಟ್ಟಿದ ಕೈ, ಕತ್ತಿ, ಮಣೆಯಿಂದ ಕೋಸಂಬರಿಗೋ ಅನ್ನಕ್ಕೋ ದಾಟುವುದರಿಂದ. ಮೂರನೆಯದು ಗಾಯದಿಂದ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ಘಟ್ಟ ಹತ್ತುವ ಗಾಡಿ. ತದಡಿಯ ಧಕ್ಕೆಯಲ್ಲೋ ಕಾರವಾರದ ಬೈತಖೋಲದಲ್ಲೋ ಬೆಳಿಗ್ಗೆ ಇಳಿದ ಮೀನು ದೇವಿಮನೆ ಘಟ್ಟ ದಾಟಿ ನಿಮ್ಮ ಓಣಿ ಮುಟ್ಟುವಾಗ ಕನಿಷ್ಠ ಮೂರ್ನಾಲ್ಕು ಗಂಟೆಯಾಗಿರುತ್ತದೆ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಅನುಕೂಲ ಸಿಕ್ಕರೆ 10–12 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಬುಟ್ಟಿಯಲ್ಲಿ ಅಷ್ಟು ವೇಗ ಇರಲಾರದು, 20 ನಿಮಿಷಕ್ಕೊಮ್ಮೆ ಎಂದೇ ಹಿಡಿಯಿರಿ. ಎರಡು ಗಂಟೆಯಲ್ಲಿ 64 ಪಟ್ಟು. ನಾಲ್ಕು ಗಂಟೆಯಲ್ಲಿ 4096 ಪಟ್ಟು. ಸುಮಾರು 5 ಡಿಗ್ರಿಯ ಕೆಳಗೆ ಇಳಿಸಿದರೆ ಅದರ ಬೆಳವಣಿಗೆ ನಿಲ್ಲುತ್ತದೆ. ಎಲ್ಲ ಐಸಿನ ಮೇಲೆ ನಿಂತಿದೆ.

ಎಷ್ಟು ಐಸು ಬೇಕು? 30 ಡಿಗ್ರಿಯಲ್ಲಿರುವ 1 ಕಿಲೊ ಮೀನನ್ನು ಸೊನ್ನೆಗೆ ಇಳಿಸಲು ಲೆಕ್ಕದ ಪ್ರಕಾರ ಸುಮಾರು 300 ಗ್ರಾಂ ಐಸು ಕರಗಬೇಕು. ಇದು ತಣಿಸುವುದಕ್ಕೆ ಮಾತ್ರ. ದಾರಿಯ ಬಿಸಿಲು, ಪೆಟ್ಟಿಗೆಯ ಗೋಡೆ, ಗಿರಾಕಿ ಬಂದಾಗಲೆಲ್ಲ ತೆರೆಯುವ ಮುಚ್ಚಳ ಇವೆಲ್ಲ ತಿನ್ನುವ ತಂಪು ಬೇರೆ. ಅದಕ್ಕೇ ನಮ್ಮ ಹವೆಯಲ್ಲಿ ಮೀನಿನಷ್ಟೇ ತೂಕದ ಐಸು ಎಂಬ ಲೆಕ್ಕ: 20 ಕಿಲೊ ಮೀನಿಗೆ 20 ಕಿಲೊ ಐಸು. ಅದೂ ಪುಡಿ ಐಸು. ದೊಡ್ಡ ಗಡ್ಡೆಗಳ ನಡುವೆ ಗಾಳಿ ಉಳಿದು ಮೀನಿಗೆ ತಂಪು ತಾಗುವುದಿಲ್ಲ, ಚೂಪಾದ ಅಂಚಿಗೆ ಮೀನಿನ ಚರ್ಮ ಹರಿಯುತ್ತದೆ, ಹರಿದ ಕಡೆಯಿಂದ ಬ್ಯಾಕ್ಟೀರಿಯಾ ಮಾಂಸಕ್ಕೆ ಇಳಿಯುತ್ತದೆ. ತಳದಲ್ಲಿ ಒಂದು ಹಾಸು ಐಸು, ಅದರ ಮೇಲೆ ಒಂದು ಹಾಸು ಮೀನು, ಮತ್ತೆ ಐಸು, ಕೊನೆಯಲ್ಲಿ ಮೇಲೆ ದಪ್ಪ ಐಸು. ಪೆಟ್ಟಿಗೆಯ ತಳದಲ್ಲಿ ನೀರು ಹೋಗಲು ತೂತು ಇರಲೇಬೇಕು. ಕರಗಿದ ನೀರು ಮೀನಿನ ಮೇಲಿಂದ ಹರಿದುಹೋದರೆ ಲೋಳೆ, ರಕ್ತ, ಬ್ಯಾಕ್ಟೀರಿಯಾ ತೊಳೆದುಹೋಗುತ್ತವೆ. ನಿಂತರೆ ತಳದ ಮೀನು ಅದೇ ಗಲೀಜಿನಲ್ಲಿ ನೆನೆಯುತ್ತದೆ.

ಐಸೇ ಕೊಳಕಾದರೆ? ಐಸು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಕುಡಿಯಲು ಯೋಗ್ಯವಲ್ಲದ ನೀರಿನಿಂದ ಮಾಡಿದ ಐಸು, ಧಕ್ಕೆಯ ನೆಲದ ಮೇಲೆ ಎಳೆದು ಒಡೆದ ಐಸು, ನಿನ್ನೆಯದರಲ್ಲಿ ಉಳಿದದ್ದನ್ನು ಇಂದಿನ ಮೀನಿಗೆ ಹಾಕಿದ ಐಸು, ಇವು ಮೂರೂ ಈ. ಕೋಲೈ ಹಂಚುವ ದಾರಿಗಳು. ಬಂದರಿನ ಒಳನೀರನ್ನು ಬಕೆಟ್ಟಿನಲ್ಲಿ ಎತ್ತಿ ಮೀನಿಗೆ ಚಿಮುಕಿಸುವುದು ಇನ್ನೂ ಕೆಟ್ಟದ್ದು. ಬೋಟುಗಳ, ಚರಂಡಿಗಳ ಹೊಲಸೆಲ್ಲ ಸೇರುವುದು ಆ ನೀರಿಗೇ. ಮೀನು ಮಾರುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಅಳತೆ: ಪೆಟ್ಟಿಗೆ, ನೆಲ ತೊಳೆಯಲು 10 ಲೀಟರ್ ನೀರಿಗೆ 30 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿ 3.5 ಗ್ರಾಂ ಹಾಕಿದರೆ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ 100 ಪಾಲು) ಕ್ಲೋರಿನ್ ಸಿಗುತ್ತದೆ. ಮೊದಲು ಸೋಪು ಹಾಕಿ ಉಜ್ಜಿ ಲೋಳೆ ತೆಗೆಯಬೇಕು. ಲೋಳೆ, ರಕ್ತ ಇರುವಾಗ ಬ್ಲೀಚಿಂಗ್ ನೀರು ಹಾಕಿದರೆ ಕ್ಲೋರಿನ್ ಅದಕ್ಕೇ ಖರ್ಚಾಗಿ ಬ್ಯಾಕ್ಟೀರಿಯಾಕ್ಕೆ ಏನೂ ಉಳಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಹಳತಾಗಿ ಗಾಳಿಯಾಡಿದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆಯೇ ಇಲ್ಲದ ಪುಡಿಯನ್ನು ನಂಬಬೇಡಿ.

ಜೂನ್, ಜುಲೈನ ಮೀನುಗಾರಿಕೆ ನಿಷೇಧದ 61 ದಿನ ಯಾಂತ್ರಿಕ ಬೋಟುಗಳು ನಿಂತಾಗ ಪೇಟೆಗೆ ಬರುವ ದೊಡ್ಡ ಮೀನಿನಲ್ಲಿ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದೂ ಇರುತ್ತದೆ. ಆ ದಿನಗಳಲ್ಲಿ ದೂರದ ಇಸ್ವಾಣದಂಥ ದೊಡ್ಡ ಮೀನಿಗಿಂತ ಹೊಳೆಯಲ್ಲಿ ನಾಡದೋಣಿಯವರು ಹಿಡಿದ ಅಂದಿನ ಮೀನು ಒಳ್ಳೆಯದು.

ಬಂಗಡೆ, ತಾರ್ಲೆ, ಕೇದರ ಕೊಳ್ಳುವಾಗ ಐಸಿನ ಬಗ್ಗೆ ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಇವುಗಳ ಕೆಂಪು ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಬಿಸಿಲಿನಲ್ಲಿ ಬಿಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಆಮೇಲೆ ಐಸು ಹಾಕಿದರೂ ಆದ ಹಿಸ್ಟಮಿನ್ ಹಾಗೆಯೇ ಇರುತ್ತದೆ. ತಿಂದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರಿ, ತಲೆನೋವು, ಮೈ ತುರಿಕೆ ಶುರುವಾದರೆ ಇದನ್ನೇ ಅನುಮಾನಿಸಬೇಕು. 'ನನಗೆ ಬಂಗಡೆ ಆಗಿಬರುವುದಿಲ್ಲ' ಎನ್ನುವವರಲ್ಲಿ ಕೆಲವರಿಗೆ ಆಗಿಬರದಿದ್ದದ್ದು ಬಂಗಡೆಯಲ್ಲ, ಅಂದಿನ ಐಸಿಲ್ಲದ ಬುಟ್ಟಿ.

ಈಗ ನಿಮ್ಮ ಅಡುಗೆಮನೆ. ಬಂಗಡೆ ತಂದ ಕೂಡಲೇ ಕಿವಿರಿನ ಮುಚ್ಚಳ ಎತ್ತಿ ನೋಡಿ. ಒಳಗೆ ದಾಸವಾಳದ ಕೆಂಪು, ತೆಳ್ಳಗಿನ ಪಾರದರ್ಶಕ ಲೋಳೆ ಇದ್ದರೆ ತಾಜಾ. ಇಟ್ಟಿಗೆಯ ಬಣ್ಣಕ್ಕೋ ಕಂದಿಗೋ ತಿರುಗಿ ಲೋಳೆ ಹಾಲಿನಂತೆ ಗಟ್ಟಿಯಾಗಿದ್ದರೆ ಹಳತು. ಬೆರಳಿಟ್ಟು ಒತ್ತಿದ ಗುಳಿ ಮೇಲೇಳಬೇಕು. ತಾಜಾತನ ಇಷ್ಟು ಹೇಳುತ್ತದೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದನ್ನು ಕಣ್ಣು, ಮೂಗು ಹೇಳಲಾರವು. ಆದ್ದರಿಂದ ಎಲ್ಲ ಮೀನಿಗೂ ಒಂದೇ ಶಿಸ್ತು. ಇಡೀ ಮೀನನ್ನು ಹರಿಯುವ ಸಿಹಿನೀರಿನಲ್ಲಿ ಮೊದಲು ತೊಳೆಯಿರಿ, ನೀರು ಸಿಡಿಯದಂತೆ ಸಣ್ಣಗೆ ಬಿಟ್ಟು. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಉಪ್ಪು ಬೇಡುವ ಜೀವಿ, ಸಿಹಿನೀರು ಅದಕ್ಕೆ ಹಿಡಿಸುವುದಿಲ್ಲ. ಆಮೇಲೆ ಮೆಟ್ಟುಗತ್ತಿಯಲ್ಲಿ ಕಿವಿರು ಕಿತ್ತು, ಹೊಟ್ಟೆ ಸೀಳಿ ಕರುಳನ್ನು ಒಡೆಯದೆ ಒಟ್ಟಿಗೇ ಎಳೆಯಿರಿ. ಬೆನ್ನುಮೂಳೆಯ ಕೆಳಗೆ ಅಂಟಿಕೊಂಡ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳಿನಿಂದ ಕೆರೆದು ತೆಗೆಯಿರಿ. ಮತ್ತೆ ತೊಳೆಯಿರಿ. ತುಂಡು ಮಾಡುವುದು ಇದಾದ ಮೇಲೆ. ಮೊದಲೇ ತುಂಡು ಮಾಡಿ ಒಟ್ಟಿಗೆ ತೊಳೆದರೆ ಕರುಳಿನದ್ದೆಲ್ಲ ಕೊಯ್ದ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ.

ಅರಿಶಿನ, ಉಪ್ಪು ಹಚ್ಚಿ, ಹಚ್ಚಬಾರದೆಂದಿಲ್ಲ. ಲೋಳೆ, ವಾಸನೆ ಹೋಗುತ್ತದೆ. ಆದರೆ ಹತ್ತು ನಿಮಿಷ ಹಚ್ಚಿಟ್ಟ ಅರಿಶಿನ ಬ್ಯಾಕ್ಟೀರಿಯಾವನ್ನು ನಂಬುವಷ್ಟು ಕೊಲ್ಲುವುದಿಲ್ಲ. ಮುರುಗಲು, ಹುಣಸೆ, ಲಿಂಬೆಯ ಹುಳಿಯೂ ಬೆಂಕಿಗೆ ಬದಲಿಯಲ್ಲ. ಮಸಾಲೆ ಸವರಿದ ಮೀನನ್ನು ಫ್ರಿಜ್ಜಿನಲ್ಲಿ ಇಡಿ, ಕಟ್ಟೆಯ ಮೇಲೆ ಬಿಡಬೇಡಿ. ಕೆಲಸ ಮುಗಿದ ಮೇಲೆ ಮೆಟ್ಟುಗತ್ತಿ, ಮಣೆ, ಸಿಂಕು, ನಲ್ಲಿಯ ತಿರುಪನ್ನು ಸೋಪು ಹಾಕಿ ಉಜ್ಜಿ, ಮೆಟ್ಟುಗತ್ತಿ, ಮಣೆಯ ಮೇಲೆ ಕುದಿಯುವ ನೀರು ಹುಯ್ಯಿರಿ. ತೊಳೆದ ಕೈಯಿಂದ ತೊಳೆಯದ ನಲ್ಲಿ ಮುಟ್ಟುವುದೇ ಎಲ್ಲರೂ ಮಾಡುವ ತಪ್ಪು. ಅದೇ ಮೆಟ್ಟುಗತ್ತಿಯಲ್ಲಿ ಸೌತೆಕಾಯಿ ಹೆಚ್ಚುವ ರೂಢಿ ಇದ್ದರೆ, ಮೀನಿಗೆ ಬೇರೆಯದೇ ಒಂದು ಇಡಿ.

ಬಳಚಿನ ವಿಷಯಕ್ಕೆ ಬರುತ್ತೇನೆ. ಅಘನಾಶಿನಿ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ನದಿ, ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ (ಜಾಗತಿಕ ಮಹತ್ವದ ಜೌಗುಪ್ರದೇಶ) ಮನ್ನಣೆ ಸಿಕ್ಕಿದೆ. ಅಲ್ಲಿಯ ಬಳಚು ಸಾವಿರಾರು ಮನೆಗಳಿಗೆ ಊಟ, ದುಡಿಮೆ ಎರಡೂ ಆಗಿದೆ. ಅದನ್ನು ಬಿಡಿ ಎಂದು ಹೇಳುವ ಮನಸ್ಸು ನನಗಿಲ್ಲ, ಬಿಡುವ ಅಗತ್ಯವೂ ಇಲ್ಲ. ಆದರೆ ಬಳಚು ಬದುಕುವ ರೀತಿಯನ್ನು ನೆನಪಿಡಬೇಕು: ಹಗಲೂ ರಾತ್ರಿ ನೀರನ್ನು ಒಳಗೆಳೆದು, ಸೋಸಿ, ಸಿಕ್ಕ ಸಣ್ಣ ಕಣಗಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ನೀರಿನಲ್ಲಿ ತೆಳುವಾಗಿ ಹರಡಿದ್ದ ಬ್ಯಾಕ್ಟೀರಿಯಾ ಅದರೊಳಗೆ ಒಟ್ಟಾಗುತ್ತದೆ. ಮೀನಿನಂತೆ ಕರುಳು ತೆಗೆದು ತಿನ್ನುವ ಹಾಗೂ ಇಲ್ಲ, ಇಡಿಯಾಗಿ ತಿನ್ನುತ್ತೇವೆ. ಯುರೋಪಿನಲ್ಲಿ ಚಿಪ್ಪುಜೀವಿ ಬೆಳೆಯುವ ನೀರನ್ನೇ ದರ್ಜೆ ಮಾಡುತ್ತಾರೆ. 100 ಗ್ರಾಂ ಮಾಂಸದಲ್ಲಿ ಈ. ಕೋಲೈ 230ರ ಒಳಗಿದ್ದರೆ ನೇರ ಮಾರಾಟ, 4600ರವರೆಗೆ ಇದ್ದರೆ ಶುದ್ಧನೀರಿನ ತೊಟ್ಟಿಯಲ್ಲಿಟ್ಟು ಶುದ್ಧಿ ಮಾಡಿಸಿದ ಮೇಲೆ, ಅದಕ್ಕೂ ಹೆಚ್ಚಾದರೆ ತಿಂಗಳುಗಟ್ಟಲೆ ಒಳ್ಳೆಯ ನೀರಿಗೆ ಸ್ಥಳಾಂತರ. ನಮ್ಮಲ್ಲಿ ಬಳಚು ಅಳಿವೆಯಿಂದ ಬುಟ್ಟಿಗೆ, ಬುಟ್ಟಿಯಿಂದ ಪಾತ್ರೆಗೆ. ಆದ್ದರಿಂದ ಆ ಶುದ್ಧಿಯ ಹೊಣೆ ನಿಮ್ಮ ಒಲೆಯದು.

ಉಪ್ಪುನೀರಿನಲ್ಲಿ ಮೂರ್ನಾಲ್ಕು ಗಂಟೆ ಬಿಟ್ಟರೆ ಬಳಚು ಮರಳು ಉಗುಳುತ್ತದೆ. ಅಷ್ಟಕ್ಕೇ ವಿಬ್ರಿಯೊ ಹೋಗುವುದಿಲ್ಲ. ಬದಲಿಗೆ ಬೆಚ್ಚಗಿನ ಅಡುಗೆಮನೆಯಲ್ಲಿ ಅದು ಬೆಳೆಯುತ್ತದೆ. ಘಟ್ಟದ ಮೇಲೆ ಬಂದ ಬಳಚಿಗೆ ಈಗಾಗಲೇ ಹೊತ್ತಾಗಿರುವುದರಿಂದ ಮರಳು ಬಿಡಿಸುವುದನ್ನು ತಂಪಿನಲ್ಲಿ, ಒಂದು ಗಂಟೆಯಲ್ಲಿ ಮುಗಿಸಿ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚಿಕೊಳ್ಳದ ಬಳಚು ಸತ್ತದ್ದು, ಎಸೆಯಿರಿ. ಹಸಿಯದನ್ನು ಕತ್ತಿಯಿಂದ ಬಿಡಿಸುವ ಬದಲು ಪಾತ್ರೆಗೆ ಹಾಕಿ, ಸ್ವಲ್ಪ ನೀರು ಬಿಟ್ಟು, ಮುಚ್ಚಿ ಬೇಯಿಸಿ. ಹಸಿ ಬಳಚಿನ ನೀರು ಮನೆಯೆಲ್ಲ ಸಿಡಿಯುವುದೂ ತಪ್ಪುತ್ತದೆ, ಕೈ ಕುಯ್ದುಕೊಳ್ಳುವುದೂ ತಪ್ಪುತ್ತದೆ. ಇಲ್ಲಿ ಆಗುವ ಮುಖ್ಯ ತಪ್ಪು ಚಿಪ್ಪು ತೆರೆದ ಕೂಡಲೇ ಒಲೆ ಆರಿಸುವುದು. ಚಿಪ್ಪು ತೆರೆಯುವಾಗ ಒಳಗಿನ ಮಾಂಸ ಇನ್ನೂ ಪೂರ್ತಿ ಬೆಂದಿರುವುದಿಲ್ಲ. ತೆರೆದ ಮೇಲೆ ಕುದಿಯುವುದರಲ್ಲೇ ಇನ್ನೂ 5 ನಿಮಿಷ ಬಿಡಿ. ಕೊಳಚೆಯ ಜೊತೆ ಬರುವ ನೊರೊವೈರಸ್, ಹೆಪಟೈಟಿಸ್ ಎ ವೈರಸ್‌ಗಳು ಬ್ಯಾಕ್ಟೀರಿಯಾಕ್ಕಿಂತ ಗಟ್ಟಿ. ಅವಕ್ಕೆ ಮಾಂಸದ ನಡುಭಾಗ 90 ಡಿಗ್ರಿಯಲ್ಲಿ ಒಂದೂವರೆ ನಿಮಿಷ ನಿಲ್ಲಬೇಕು. ಆಮೇಲೆ ಸುಕ್ಕಾ ಮಾಡಿದರೆ ಇನ್ನೊಂದು ಬಿಸಿ ಸಿಕ್ಕಂತಾಯಿತು. ತೆರೆಯದೇ ಉಳಿದವನ್ನು ಬಿಡಿಸಲು ಹೋಗಬೇಡಿ. ಹೊಸ ಮಳೆ ಜೋರಾಗಿ ಹೊಡೆದಾಗ ಗದ್ದೆ, ರಸ್ತೆ, ಚರಂಡಿಯದ್ದೆಲ್ಲ ಒಟ್ಟಿಗೆ ಅಳಿವೆಗೆ ಇಳಿಯುತ್ತದೆ. ಆ ಒಂದು ವಾರ ನಿಮ್ಮ ತಾಯಿಗೆ ಬಳಚು ಬೇಡ.

ಸಾಕಿದ ಶೆಟ್ಲಿಯ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕುಮಟಾದ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತದ ಕೊಯ್ಲಾದ ಮೇಲೆ ಭರತದ ನೀರಿನೊಂದಿಗೆ ತಾನಾಗಿ ಬಂದು ಬೆಳೆಯುವ ಶೆಟ್ಲಿಗೆ ಯಾರೂ ಔಷಧ ಹಾಕುವುದಿಲ್ಲ. ಒತ್ತಾಗಿ ಸಾಕುವ ವನ್ನಾಮಿ ಜಾತಿಯ ಶೆಟ್ಲಿಯ ಕೊಳಗಳಲ್ಲಿ ರೋಗ ಬಂದಾಗ ಹಾಕುವ ಆಸೆ ಹುಟ್ಟುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯೂರಾನ್ ಗುಂಪಿನ ಔಷಧಗಳಿಗೆ ಪೂರ್ತಿ ನಿಷೇಧವಿದೆ, ಕೊಲಿಸ್ಟಿನ್ ಎಂಬ ಕಟ್ಟಕಡೆಯ ಔಷಧವನ್ನು ಕೋಳಿ, ಮೀನು, ಶೆಟ್ಲಿ ಸಾಕಣೆಗೆ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಸಾಕುವವರಿಗೆ ಹೇಳಬೇಕಾದದ್ದು ಇಷ್ಟು: ಕೊಳವನ್ನೇ ಬರಿದು ಮಾಡುವ ಬಿಳಿಚುಕ್ಕೆ ರೋಗ ವೈರಸ್ಸಿನದು. ಅದಕ್ಕೆ ಯಾವ ಆಂಟಿಬಯೋಟಿಕ್ ಸುರಿದರೂ ಹಣ ಹೋಗುತ್ತದೆ, ಶೆಟ್ಲಿ ಉಳಿಯುವುದಿಲ್ಲ, ಕೊಳದ ಕೆಸರಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ. ತಿನ್ನುವವರು ತಿಳಿಯಬೇಕಾದದ್ದು: ಬ್ಯಾಕ್ಟೀರಿಯಾದಂತೆ ಔಷಧದ ಅಂಶ ಬೇಯಿಸಿದರೆ ಪೂರ್ತಿ ಹೋಗುವುದಿಲ್ಲ. ಎಲ್ಲಿಯ ಶೆಟ್ಲಿ ಎಂದು ಕೇಳಿ ಕೊಳ್ಳುವುದೇ ಸದ್ಯಕ್ಕೆ ನಮ್ಮ ಕೈಲಿರುವ ಉಪಾಯ.

ಕೊನೆಗೆ ಮಾತ್ರೆಯ ವಿಷಯ. ಹೌದು, ತಪ್ಪು, ಆದರೆ ಎರಡು ದಿನಕ್ಕೆ ನಿಲ್ಲಿಸಿದ್ದಕ್ಕಿಂತ ಶುರು ಮಾಡಿದ್ದೇ ದೊಡ್ಡ ತಪ್ಪು. ಮೀನಿನಿಂದಾಗುವ ಭೇದಿ ಬಹುಪಾಲು ಎರಡು ಮೂರು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಬೇಕಾದದ್ದು ನೀರು, ಉಪ್ಪು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭೇದಿಗೆಂದು ಅಂಗಡಿಯಲ್ಲಿ ಕೊಡುವ, ಎರಡು ಔಷಧ ಸೇರಿಸಿದ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಬಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ. ಅವು ನಿಮ್ಮ ಕಕ್ಕಸಿನಿಂದ ಮತ್ತೆ ಹೊಳೆ ಸೇರುತ್ತವೆ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ನುಂಗಬಾರದು. ಮಲದಲ್ಲಿ ರಕ್ತ, ಜೋರು ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ಮೂತ್ರ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಆಂಟಿಬಯೋಟಿಕ್ ಶುರು ಮಾಡುವ ಮುನ್ನ ಮಲದ ಕಲ್ಚರ್ ಪರೀಕ್ಷೆ (ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವುದೆಂದು ನೋಡುವುದು) ಮಾಡಿಸಬಹುದೇ ಎಂದು ಕೇಳಿ.

ಗಾಯದ ಬಗ್ಗೆ ಹೇಳುತ್ತೇನೆಂದಿದ್ದೆ. ವಿಬ್ರಿಯೊ ವಲ್ನಿಫಿಕಸ್ ಎಂಬುದು ಅಳಿವೆಯ ಸಪ್ಪೆ ಉಪ್ಪಿನ ಬೆಚ್ಚಗಿನ ನೀರಿನಲ್ಲಿರುತ್ತದೆ. ಸಕ್ಕರೆ ಕಾಯಿಲೆ, ಅದಕ್ಕಿಂತ ಹೆಚ್ಚಾಗಿ ಯಕೃತ್ತಿನ ಕಾಯಿಲೆ ಇರುವವರಿಗೆ ಚಿಪ್ಪಿನ ಗೀರು, ಮೀನಿನ ಮುಳ್ಳು ಚುಚ್ಚಿದ ಗಾಯದ ಮೂಲಕ ಒಳಹೊಕ್ಕರೆ ಒಂದೇ ದಿನದಲ್ಲಿ ಕೈಯನ್ನು ಕೆಡಿಸಬಲ್ಲದು. ನಿಮ್ಮ ತಾಯಿ ಬಳಚು, ಮೀನು ಹಸಿಯಾಗಿ ಮುಟ್ಟದಿದ್ದರೆ ಒಳ್ಳೆಯದು, ಮುಟ್ಟಲೇಬೇಕಾದರೆ ರಬ್ಬರ್ ಕೈಗವಸು ಹಾಕಿಕೊಳ್ಳಲಿ. ಚುಚ್ಚಿಕೊಂಡರೆ ಕೂಡಲೇ ಸೋಪು, ಹರಿಯುವ ನೀರಿನಲ್ಲಿ ಐದು ನಿಮಿಷ ತೊಳೆಯಿರಿ. ಊತ ಗಾಯಕ್ಕಿಂತ ಆಚೆ ಹರಡುತ್ತಿದ್ದರೆ, ನೋವು ಗಾಯದ ಗಾತ್ರಕ್ಕೆ ಮೀರಿದ್ದರೆ, ಬೊಕ್ಕೆ ಎದ್ದರೆ, ರಾತ್ರಿಯಾದರೂ ಕಾಯದೆ ಹೊರಡಿ. ಅಲ್ಲಿ ಬರೀ 'ಕೈ ಕುಯ್ದಿದೆ' ಎನ್ನಬೇಡಿ, 'ಅಳಿವೆಯ ಬಳಚು ಬಿಡಿಸುವಾಗ ಕುಯ್ದಿದೆ, ಸಕ್ಕರೆ ಕಾಯಿಲೆ ಇದೆ' ಎಂದು ಮೊದಲ ಮಾತಿನಲ್ಲೇ ಹೇಳಿ. ಮಾಮೂಲಿ ಗಾಯಕ್ಕೆ ಕೊಡುವ ಔಷಧ ಬೇರೆ, ಇದಕ್ಕೆ ಕೊಡುವುದು ಬೇರೆ.